ಗಯ್ಯಾಳಿಯ ಪುಲ್ಲಿಂಗ

ಬಂದರು ಕಚೇರಿಯಿಂದ ಬಂದ ಕಾಗದವನ್ನು
ಬಂಗಡೆಯ ಬುಟ್ಟಿಯಲ್ಲೇ ತಂದಳು ಶೇವಂತಿ ಹರಿಕಂತ್ರ.
ಮಡಿಕೆಯಲ್ಲೊಂದು ಹುರುಪೆ, ಮೂಲೆಯಲ್ಲಿ ಉಪ್ಪುನೀರು.
"ಅಕ್ಕೋರೇ, ಇದೊಂದು ಶಬ್ದ ಹೇಳಿ ಸಾಕು,
ಉಳಿದದ್ದು ಓದಿಕೊಂಡೆ."

ಬೈತಖೋಲದ ಸಂಜೆ ಶಾಲೆಗೆ ಅವಳು ಸೇರಿದ್ದು
ದೋಣಿಗಳು ದಡ ಹತ್ತಿದ ಆ ಎರಡು ತಿಂಗಳಲ್ಲಿ.
ಒತ್ತಕ್ಷರಕ್ಕೆ ಎಡವುತ್ತ ಎಡವುತ್ತ
ಈಗ ಸರಕಾರಿ ಕನ್ನಡದ ಹೊಸ್ತಿಲಿಗೆ ಬಂದಿದ್ದಾಳೆ.

ಕಲಹಪ್ರಿಯೆ.
"ಚಂದ ಇದೆಯಲ್ಲ," ಅಂದಳು,
"ಬೋಟಿಗೆ ಇಡೋ ಹೆಸರಿನ ಹಾಗೆ."

ಅರ್ಥ ಹೇಳಿದೆ.
ನಗಲಿಲ್ಲ, ಬೈಯಲೂ ಇಲ್ಲ. ನೋಟುಬುಕ್ಕು ತೆರೆದಳು.
"ಹಾಗಾದರೆ ಈ ಜಾತಿಯವೆಲ್ಲ ಒಟ್ಟಿಗೇ ಬರಲಿ,
ಗಾಳಕ್ಕೆ ಒಂದೊಂದೇ ಯಾಕೆ, ಬಲೆ ಹಾಕಿ."

ಬರೆಸಿದೆ.
ಜಗಳಗಂಟಿ. ಗಂಟು ಬಲೆಯದ್ದೋ ಸೆರಗಿನದ್ದೋ, ಕೇಳಿದಳು.
ಮುಂಗೋಪಿ. "ನಮ್ಮ ಭಾವ," ಅಂದಳು, ಬರೆದುಕೊಂಡಳು.
ಕಾಲು ಕೆರೆದು ಜಗಳಕ್ಕೆ ಬರುವವ.
"ಕೆರೀಲಿಕ್ಕೆ ಅವ ಏನು ಹುಂಜವೋ?"
ವಿತಂಡವಾದಿ: ತನ್ನದೇನನ್ನೂ ಹೇಳದೆ
ನಿನ್ನದನ್ನೆಲ್ಲ ಕೆಡವುತ್ತ ಹೋಗುವವ.
ಇದಕ್ಕೆ ತಡವಾಗಲಿಲ್ಲ, ಹರಾಜು ಕೂಗುವ ಉಲ್ಲಾಸ ತಾಂಡೇಲ.
ಗಯ್ಯಾಳಿ.
ಇದು ಅಕ್ಷರ ಬರುವ ಮೊದಲೇ ಗೊತ್ತಿತ್ತು ಅವಳಿಗೆ.
ಯಕಾರಕ್ಕೆ ಒತ್ತು ಸರಿಯಾಗಿ ಕೊಟ್ಟಳು, ಮೊದಲ ಸಲ.
ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದಳು:
"ಇದರ ಗಂಡು?"

ಅರಸ, ಅರಸಿ. ಒಕ್ಕಲಿಗ, ಒಕ್ಕಲಗಿತ್ತಿ.
ಹೋದ ವಾರವಷ್ಟೇ ಎರಡು ಕಾಲಮ್ಮು ಎಳೆದು ಕಲಿಸಿದವಳು ನಾನೇ.
ಗಯ್ಯಾಳ? ಗಯ್ಯಾಳು? ಬಾಯಲ್ಲಿ ಹೊರಳಿಸಿ ನೋಡಿದೆ,
ತಾರ್ಲೆಯ ಮುಳ್ಳು ಸಿಕ್ಕಿದ ಹಾಗಾಯಿತು.
ಗೆದ್ದಲು ತಿಂದ ಬೆನ್ನಿನ ನಿಘಂಟು ತೆಗೆದೆ.
ಜಗಳಗಂಟಿ ಹೆಂಗಸು, ಅಂದು ಅದು ಸುಮ್ಮನಾಗಿತ್ತು.
"ಗಂಡಸು ಹಾಗೇ ಕೂಗಾಡಿದರೆ ಏನಂತಾರೆ?"
"ಖಡಕ್ ಮನುಷ್ಯ ಅಂತಾರೆ,"
ಬಾಯಿ ತಪ್ಪಿ ಅಂದುಬಿಟ್ಟೆ.

ಅದನ್ನೂ ಬರೆದುಕೊಂಡಳು.

"ನನಗೆ ಜಗಳ ಪ್ರಿಯ ಅಲ್ಲ ಅಕ್ಕೋರೇ.
ಜಗಳದ ದಿನ ರಾತ್ರಿ ಅನ್ನ ಸೇರೂದಿಲ್ಲ.
ಆದರೆ ಐದು ಕಿಲೋ ಇಸ್ವಾಣ
ಅವನ ತಕ್ಕಡಿಯಲ್ಲಿ ನಾಲ್ಕೂ ಕಾಲು.
ಬೇಡ ಬೇಡ ಅನ್ನುತ್ತಲೇ ದಿನಾ ಜಗಳ ಮಾಡುವವರಿಗೆ
ಅದರಲ್ಲೊಂದು ಶಬ್ದ ನೋಡಿ."

ನೋಡಿದೆ. ಕಕಾರದಲ್ಲಿ, ಜಕಾರದಲ್ಲಿ,
ಕೋಡಿಬಾಗದ ಕೊನೆಯ ಬಸ್ಸು ಹಾರ್ನು ಹೊಡೆಯುವವರೆಗೆ.
"ಸಿಕ್ಕಾಗ ಹೇಳಿ, ಜಾಗ ಬಿಟ್ಟಿರ್ತೇನೆ,"
ಎರಡು ಗೆರೆ ಖಾಲಿ ಬಿಟ್ಟು ಬುಟ್ಟಿ ಎತ್ತಿಕೊಂಡಳು.

ಹೊರಗೆ ಕಂಡಕ್ಟರು
ಖಾಲಿ ಬುಟ್ಟಿಗೂ ಟಿಕೇಟು ಕೇಳುತ್ತಿದ್ದ.
ಸೊಳ್ಳೆ ಬರುವ ಹೊತ್ತು. ಆದರೂ
ಕಿಟಕಿ ಮುಚ್ಚಲಿಲ್ಲ ನಾನು.