ಪೇಪರ್ ಬುಕ್ಕಿನ ಪುಟ ನಲವತ್ತೊಂದು

ಮಡಿಕೇರಿಯ ಅಧಿಕಾರಿ ಬರೆದದ್ದು ಒಂದೂವರೆ ಸಾಲು:
‘ಸದರಿ ಮರಗಳು ತಾವಾಗಿ ಬೆಳೆದವು,
ಕೃಷಿ ಆದಾಯವಲ್ಲ.’
ಮೊದಲ ಮೇಲ್ಮನವಿ ಅದೇ ಸಾಲನ್ನು
ಇನ್ನೊಂದು ಕಾಗದಕ್ಕಿಳಿಸಿ ಸಹಿ ಹಾಕಿತು.

ಬೊಳ್ಳಮ್ಮ ನೋಟೀಸನ್ನು ನನ್ನ ಮೇಜಿನ ಮೇಲೆ
ಕೋವಿ ಇಟ್ಟ ಹಾಗೆ ಇಟ್ಟರು.
“ಸಿಲ್ವರ್ ಓಕು ತಾನಾಗಿ ಹಬ್ಬೋಕೆ ಅದೇನು ಲಂಟಾನವೇ?
ಆಸ್ಟ್ರೇಲಿಯಾದಿಂದ ಪೊಲ್ಲಿಬೆಟ್ಟಕ್ಕೆ ನಡೆದು ಬಂತೇ?”

ನಾನು ಗೋಣಿಕೊಪ್ಪದ ಲೆಕ್ಕದವನು,
ಇಪ್ಪತ್ತಾರು ವರ್ಷ ಊರವರ ಆದಾಯ
ಕೂಡಿ ಕಳೆದು ಉಂಡವನು.
ಕಾನೂನಿಗೆ ಕುಹಕ ಕೇಳಿಸುವುದಿಲ್ಲ, ನನಗೆ ಗೊತ್ತು.
ಕಾಗದ ಬೇಕು.

ಸಿಕ್ಕಿತು. ಒಳ್ಳೆಮೆಣಸಿನ ಗೋಣಿಗಳ ಹಿಂದೆ
ಗೆದ್ದಲು ಅರ್ಧ ಓದಿ ಬಿಟ್ಟ ಮಸ್ಟರ್ ರೋಲು.
ಎಪ್ಪತ್ತೊಂಬತ್ತರ ಜುಲೈ, ನಾಲ್ಕನೇ ಬ್ಲಾಕು,
ಗುಂಡಿ ತೋಡಿದ್ದು, ಸಸಿ ನೆಟ್ಟದ್ದು,
ಎಂಟು ಆಳು, ಆರು ದಿನ,
ಎದುರಿಗೆ ಎಂಟು ಹೆಬ್ಬೆಟ್ಟು, ಮಾಸಿದ ನೀಲಿ.
ಮರುವರ್ಷ ಕಳೆ ಕಿತ್ತದ್ದು.
ಅದರ ಮರುವರ್ಷವೂ.

ವಿಚಾರಣೆಯ ದಿನ ಎರಡು ಸಲ ಕರೆಂಟು ಹೋಯಿತು.
ಪರದೆಯೊಳಗೆ ನ್ಯಾಯಮಂಡಳಿ: ಒಬ್ಬರು ಕಾನೂನಿನವರು,
ಒಬ್ಬರು ಲೆಕ್ಕದವರು, ನಮ್ಮ ಜಾತಿ.
ಇಲಾಖೆಯ ಪರ ಚುರುಕಾದ ಹುಡುಗಿಯೊಬ್ಬಳು:
“ನೆಟ್ಟಿರಬಹುದು. ಕಡಿದದ್ದು ಅವನ್ನೇ ಎಂಬುದಕ್ಕೆ ಏನು ಆಧಾರ?”
ಒಳ್ಳೆಯ ಪ್ರಶ್ನೆ.
ಅವಳ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.
ಮರದ ವ್ಯಾಪಾರಿಯ ಪಟ್ಟಿ ತೋರಿಸಿದೆ.
ಅದರಲ್ಲೂ ನಾಲ್ಕನೇ ಬ್ಲಾಕು.

ಲೆಕ್ಕದವರು ಕನ್ನಡಕ ಏರಿಸಿದರು.
“ಪುಟ ನಲವತ್ತೊಂದು. ಈ ಗುರುತುಗಳು ಯಾರವು?”
ಓದಿದೆ: ಕರ್ಪಿ. ಬೊಳಕ. ಚಾತ. ತೋಲೆ.
ಉಳಿದ ನಾಲ್ಕು ಹೆಸರು ಗೆದ್ದಲ ಹೊಟ್ಟೆಯಲ್ಲಿದ್ದವು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ,
ಅಥವಾ ನೆಟ್‌ವರ್ಕ್ ನಿಂತಿತ್ತೋ ಏನೋ.

ಏಳು ವಾರಕ್ಕೆ ಆದೇಶ ಬಂತು.
‘ಭಾಗಶಃ ಪುರಸ್ಕರಿಸಲಾಗಿದೆ.’
ಇನ್ನೂರ ಹನ್ನೆರಡು ಸಿಲ್ವರ್ ಓಕು: ಮಾನವ ಶ್ರಮ ಸಾಬೀತು.
ಹನ್ನೊಂದು ನೇರಳೆ: ಯಾರೂ ನೆಡದವು, ತೆರಿಗೆ ಸಲ್ಲತಕ್ಕದ್ದು.
ಬೊಳ್ಳಮ್ಮ ನಕ್ಕರು. “ಕಟ್ಟಿಬಿಡಿ.
ಅವು ಹಕ್ಕಿ ಹಾಕಿದ್ದು. ಹಕ್ಕಿ ಎಲ್ಲಿ ಹೆಬ್ಬೆಟ್ಟು ಒತ್ತುತ್ತೆ?”

ಹೇಳಬೇಕೆನಿಸಿ ಲೈನುಮನೆಗೆ ಹೋದೆ.
ಕರ್ಪಿ ನಲ್ಲಿಯ ಬಳಿ ಪಾತ್ರೆ ತಿಕ್ಕುತ್ತಿದ್ದಳು.
ನೆಡುವಾಗ ಹದಿನಾಲ್ಕೋ ಹದಿನೈದೋ, ಅವಳಿಗೆ ಲೆಕ್ಕವಿಲ್ಲ.
“ನಿನ್ನ ಹೆಬ್ಬೆಟ್ಟಿನಿಂದ ಕೇಸು ಗೆದ್ದೆವು.”
ಬೂದಿ ತೊಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.
“ರೇಷನ್ ಅಂಗಡಿ ಮಿಷನ್ನು ಇದನ್ನ ಒಪ್ಪಲ್ಲ ಸಾರ್.
ಗೆರೆ ಸವೆದು ಹೋಗಿದೆಯಂತೆ.
ಮೂರು ತಿಂಗಳಾಯ್ತು ಅಕ್ಕಿ ಸಿಕ್ಕಿ.”

ಇದರ ಮೇಲ್ಮನವಿ ಎಲ್ಲಿ ಹಾಕುವುದೆಂದು
ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದೆ.
ಒಂದು ಫಾರಂ ಕೊಟ್ಟರು.
ಕೊನೆಯಲ್ಲಿ ಚಿಕ್ಕ ಚೌಕ,
ಅರ್ಜಿದಾರರ ಹೆಬ್ಬೆಟ್ಟಿಗೆ.