ಕಾಲಂ ಹನ್ನೊಂದು

ಬೀಳಗಿ ಕಡೆಯ ಪುನರ್ವಸತಿ ಕೇಂದ್ರದ ಶಾಲೆ.
ಹಳೇ ಊರು ಹಿನ್ನೀರಿನ ತಳದಲ್ಲಿದೆ,
ಹೆಸರು ಮಾತ್ರ ಮೇಲೆ ಬಂದು ಗೇಟಿಗೆ ಅಂಟಿದೆ.
ನನ್ನ ಕೈಯಲ್ಲಿ ಇಲಾಖೆಯ ಟ್ಯಾಬು,
ಜೇಬಿನಲ್ಲಿ ಒತ್ತಿದರೆ ಟಕ್ಕೆನ್ನುವ ಪೆನ್ನು.
ಟ್ಯಾಬಿನಲ್ಲಿ ತುಂಬಿದ್ದನ್ನೇ ಕಾಗದದ ಮೇಲೂ ತುಂಬಬೇಕು,
ನಮ್ಮವರಿಗೆ ಯಾವುದರ ಮೇಲೂ ಪೂರ್ತಿ ನಂಬಿಕೆಯಿಲ್ಲ.

ಮೊದಲು ಏಳನೇ ತರಗತಿ.
ಗಿರಿಸಾಗರ ಗುರುಗಳು, ಇಸ್ತ್ರಿ ಅಂಗಿ, ಕೈಯಲ್ಲಿ ರಿಮೋಟು.
ಪರದೆಯ ಮೇಲೆ ಹೃದಯ ಮಿಡಿಯಿತು,
ಕೆಂಪು ನೀಲಿ ರಕ್ತ ಹರಿಯಿತು,
ಎಲ್ಲಿಯವನೋ ಒಬ್ಬ ನಲವತ್ತು ನಿಮಿಷ ಪಾಠ ಹೇಳಿದ,
ಗುರುಗಳು ಫ್ಯಾನಿನ ಕೆಳಗೆ ನಿಂತು ತಾವೂ ಕೇಳಿದರು.
ಹಿಂದಿನ ಸಾಲಿನಲ್ಲಿ ಯಮನೂರ
ಎದೆಯ ಮೇಲೆ ಕೈಯಿಟ್ಟು ಹುಡುಕುತ್ತಿದ್ದ,
ಬಲಗಡೆ.
ನಾನು ನೋಡಿದೆ. ಬರೆಯಲು ಕಾಲಂ ಇರಲಿಲ್ಲ.
ಹತ್ತಕ್ಕೆ ಒಂಬತ್ತೂವರೆ.

ಆಮೇಲೆ ನಾಲ್ಕನೇ ತರಗತಿ.
ಅಲ್ಲಿಯೂ ಅದೇ ಪರದೆ, ಮೇಲೆ ಗುಳೇದಗುಡ್ಡದ ಖಣ ಹೊದಿಸಿ
ಅಂಚು ಹೊಲಿದು, ಧೂಳು ಕೂರದ ಹಾಗೆ,
ಅಜ್ಜನ ಗದ್ದುಗೆಯ ಹಾಗೆ.
"ಯಾಕ್ರಿ ಟೀಚರ್, ಹಚ್ಚಂಗಿಲ್ಲೇನು?"
"ಮಧ್ಯಾಹ್ನ ಹಚ್ತೀನ್ರಿ. ಈಗ ಓದೂ ಹೊತ್ತು."
ಹೀಗಂದು ಮಾಬುಬಿ ನದಾಫ ಪರ್ಸಿನಿಂದ ತೆಗೆದದ್ದು
ಗಾಜು ಸೀಳಿದ ತಮ್ಮದೇ ಮೊಬೈಲು.

ಸರದಿ ದಾನೇಶ್ವರಿಯದು.
ಪುಸ್ತಕ ಮೂಗಿನ ಹತ್ತಿರ, ಅಕ್ಷರಕ್ಕೊಂದು ಉಸಿರು.
ಕು... ಕುಂ... ಕುಂಬಾ...
ಕುಂಬಾರ ಬರುವಷ್ಟರಲ್ಲಿ ಮಡಕೆಯೇ ಒಣಗುವಂತಿತ್ತು.
ಯಾರೂ ನಗಲಿಲ್ಲ;
ನಗದಿರುವುದನ್ನು ಎಷ್ಟು ತಿಂಗಳಲ್ಲಿ ಕಲಿಸಿದರೋ.
ಮುಗಿದ ಮೇಲೆ ಅವಳ ದನಿಯನ್ನೇ ಅವಳಿಗೆ ಹಚ್ಚಿದರು.
ಹುಡುಗಿ ಫೋನಿನ ಬೆನ್ನು ತಿರುಗಿಸಿ ನೋಡಿದಳು.
"ಇದು ನಾ ಅಲ್ರಿ. ನಮ್ಮ ಅಕ್ಕ ಇರಬೇಕು."
ಮತ್ತೆ ಕೇಳಿದಳು. ಮೂರನೇ ಸಲ ತುಟಿಗಳು ತಾವಾಗಿ ಅಲುಗಿದವು,
ಫೋನು ತಡವರಿಸಿದಲ್ಲಿ ಇವಳು ತಡವರಿಸಲಿಲ್ಲ,
ತನಗಿಂತ ಚಿಕ್ಕವಳೊಬ್ಬಳ ಕೈ ಹಿಡಿದು
ಹಳ್ಳ ದಾಟಿಸುವ ಹಾಗೆ ದಾಟಿಸಿ
'ಕುಂಬಾರ' ಅಂದಳು.

ಕಿಟಕಿ ಬದಿಯ ಹುಡುಗನೊಬ್ಬ ಕೇಳಿದ:
"ಟೀಚರ್, ನಡುನಡುವೆ ಟಕ್ ಟಕ್ ಅಂತೈತಲ್ರಿ, ಏನದು?"
ಎಲ್ಲರೂ ಕಿವಿಗೊಟ್ಟರು.
ಕು, ಟಕ್. ಕುಂ, ಟಕ್ ಟಕ್.
ಟೀಚರು ಏನೂ ಹೇಳಲಿಲ್ಲ.
ದಾನೇಶ್ವರಿ ನನ್ನ ಹೆಬ್ಬೆರಳು ನೋಡಿದಳು.
ಅವಳು ಎಲ್ಲೆಲ್ಲಿ ತಡೆದು ನಿಂತಳೋ ಅಲ್ಲೆಲ್ಲ ನಾನಿದ್ದೆ.

ಪೆನ್ನು ಜೇಬಿಗಿಟ್ಟೆ.
"ಸರ್, ನೀವೂ ಒಂದು ಓದ್ರಿ, ರಿಕಾರ್ಡ್ ಮಾಡೂಣು" ಅಂದ ಅದೇ ಹುಡುಗ.
ಕೈಯಲ್ಲಿದ್ದದ್ದನ್ನೇ ಓದಿದೆ:
ಪರದೆಯ ಬಳಕೆ, ನಿಮಿಷಗಳಲ್ಲಿ.
ಉಪಕರಣ ಚಿತ್ರದಲ್ಲಿ ಕಡ್ಡಾಯವಾಗಿ ಕಾಣಬೇಕು.
ಮರಳಿ ಹಚ್ಚಿದರು.
ಇಪ್ಪತ್ತಾರು ವರ್ಷ ಸರ್ವೀಸಾದ ದನಿ,
ಎಷ್ಟು ಸಣ್ಣದು, ಮೂಗಿನಿಂದ ಬರುವಂಥದು.
ಇದು ನಾ ಅಲ್ಲ, ಅನ್ನಬೇಕೆಂದಿದ್ದೆ.
ಮಕ್ಕಳು ನಕ್ಕರು.
ಈ ಸಲ ಟೀಚರೂ ತಡೆಯಲಿಲ್ಲ.

ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಮೆಟ್ಟಿಲ ಮೇಲೆ.
ಊಟದ ಗಂಟೆಗೆ ಏರಿದೆ.
ದೂರದಲ್ಲಿ ಹಿನ್ನೀರು, ಬಿಸಿಲಿಗೆ ಹಾಸಿದ ತಗಡು.
ಚಿತ್ರದಲ್ಲಿ ಬಾಯಿ ತೆರೆದ ಹುಡುಗಿ,
ಅಂಗೈಯಷ್ಟು ಕಪ್ಪು ಗಾಜು, ಹಿಂದೆ ಖಣದ ಹಸಿರು.
'ಉಪಕರಣ ಕಾಣುತ್ತಿಲ್ಲ. ಮತ್ತೆ ಪ್ರಯತ್ನಿಸಿ' ಅಂದಿತು ಟ್ಯಾಬು.
ಕಾಲಂ ಹನ್ನೊಂದು. ನಿಮಿಷ ಎಷ್ಟು?
ಸೊನ್ನೆ ಒತ್ತಿದೆ, ಅಳಿಸಿದೆ.
ನಾಲ್ಕು ಒತ್ತಿದೆ, ಅದೂ ಸುಳ್ಳೆನಿಸಿತು.

ಕೆಳಗೆ ನಲ್ಲಿಯ ಹತ್ತಿರ ಯಮನೂರ ತಟ್ಟೆ ತೊಳೆಯುತ್ತಿದ್ದ.
ಟ್ಯಾಬನ್ನು ಮೆಟ್ಟಿಲ ಮೇಲೇ ಬಿಟ್ಟು ಇಳಿದೆ,
ಅವನ ಒದ್ದೆ ಕೈ ಹಿಡಿದು
ಅವನದೇ ಎದೆಯ ಮೇಲಿಟ್ಟು ತುಸು ಎಡಕ್ಕೆ ಸರಿಸಿದೆ.
ಹುಡುಗ ಕಣ್ಣು ಮುಚ್ಚಿದ. ಅಂಗಿಗೆ ನೀರು ಇಳಿಯಿತು.
"ಐತ್ರಿ" ಅಂದ, "ಇಲ್ಲೇ ಐತ್ರಿ ಸರ್.
ಬಡಿಯಾಕ ಹತ್ತೈತ್ರಿ."