ಚಿಲ್ಲರೆ ಬಾಕಿ

ಬಲ್ಲರಾಟಿನ ಗ್ರಂಥಾಲಯದಲ್ಲಿ ಮಂಗಳವಾರ ಸಂಜೆ ಆರಕ್ಕೆ
ಹೀಟರಿನ ಪಕ್ಕದ ಮೇಜು ನನ್ನದು.
ಲಾಕ್ಲನ್‌ಗೆ ಹತ್ತೊಂಬತ್ತು, ನನಗೆ ಐವತ್ತಮೂರು.
ಅವನು ಕಲಿಸುವುದು ಡಾರ್ಟ್, ಅದರ ಮೇಲೆ ಫ್ಲಟರ್.
ನಾನು ಕಲಿತದ್ದು, ಹದಿನೆಂಟು ವರ್ಷ,
ಗದಗ ಹುಬ್ಬಳ್ಳಿ, ಹುಬ್ಬಳ್ಳಿ ಗದಗ.

ಮೊದಲೇ ಯಾವ ಭಾಷೆ ಬರುತ್ತದೆ ಎಂದು ಕೇಳಿದ.
ಕನ್ನಡ, ಅಂದೆ. ಉರ್ದು ಸ್ವಲ್ಪ. ಸೀಟಿ.
ಹುಡುಗ ನಗಲಿಲ್ಲ, ಬರೆದುಕೊಂಡ.

ಈಗಿನ ಕೆಲಸ ಶಾಲೆಯ ಮುಂದೆ:
ಎಂಟೂ ಕಾಲಿಗೆ ಕಿತ್ತಳೆ ಬಾವುಟ ಸಿಕ್ಕಿಸಿ
ಕೋಲಿನ ತುದಿಯ 'ನಿಲ್ಲು' ಹಿಡಿದು ರಸ್ತೆಗಿಳಿಯುವುದು.
ಬಾವುಟದ ಮೇಲೆ ಚಿಲ್ಡ್ರನ್ ಅಂತ ಬರೆದಿದೆ.
ಫ್ಲಟರಿನಲ್ಲೂ ಅದೇ ಮಾತು:
ಚಿಲ್ಡ್ರನ್ ಎಂದು ಬರೆ, ಚೌಕ ಕಂಸ ತೆರೆ,
ಒಬ್ಬೊಬ್ಬರನ್ನೇ ಒಳಗೆ ಬಿಡು, ನಡುವೆ ಅಲ್ಪವಿರಾಮ,
ಕೊನೆಯವರು ದಾಟಿದ ಮೇಲೆ ಮುಚ್ಚು.
ಮುಚ್ಚಲು ಮರೆತೆಯೋ,
ಕೆಳಗಿನ ಸಾಲಿಗೆಲ್ಲ ಕೆಂಪು ಗೆರೆ.

ಎರಡನೇ ವಾರ ಪರದೆಯ ಅಂಚಿಗೆ ಹಳದಿ ಕಪ್ಪು ಪಟ್ಟೆ.
ಮೂವತ್ತೇಳು ಪಿಕ್ಸೆಲ್ ಹೊರಗೆ ತುಳುಕಿದೆ, ಅಂದ.
ಗೊತ್ತು ತಮ್ಮಾ, ಅಣ್ಣಿಗೇರಿ ಸಂತೆಯ ದಿನ
ಫುಟ್‌ಬೋರ್ಡಿನ ಮೇಲೆ ನೋಡಿದ್ದೇನೆ ಇಂಥವರನ್ನು.
'ಮುಂದ ಸರೀರಿ, ಒಳಗ ಜಾಗಾ ಐತಿ.'
ಅದಕ್ಕಿಲ್ಲಿ ಎಕ್ಸ್‌ಪಾಂಡೆಡ್ ಎಂದು ಹೆಸರು.
ನಾನು ಹೇಳುತ್ತಿದ್ದದ್ದು ಸುಳ್ಳು.
ಇಲ್ಲಿ ನಿಜವಾಗಿಯೂ ಸರಿಯುತ್ತಾರೆ.

ಫ್ಯೂಚರ್ ಮಾತ್ರ ತಲೆಗೆ ಹತ್ತಲಿಲ್ಲ.
ಪಿಜ್ಜಾ ಅಂಗಡಿಯ ಕಥೆ ಹೇಳಿದ, ಆಗಲಿಲ್ಲ.
ಕೇಳಿದ್ದು ಈಗಿಲ್ಲ, ಆಮೇಲೆ ಕೊಡುತ್ತೇನೆ
ಎನ್ನುವ ಚೀಟಿ ಅದು, ಅಂದದ್ದೇ
ಕೈ ಚರ್ಮದ ಚೀಲಕ್ಕೆ ಹೋಯಿತು, ಇಲ್ಲದ ಚೀಲಕ್ಕೆ.
ಟಿಕೆಟಿನ ಬೆನ್ನು!
ಚಿಲ್ಲರೆ ಇಲ್ಲದಾಗ ಪೆನ್ನಿನಿಂದ ಗೀಚಿ ಕೊಡುತ್ತಿದ್ದೆವಲ್ಲ,
ಏಳು, ಹದಿಮೂರು, ನಲವತ್ತು,
ಇಳಿಯೂ ಮುಂದ ಇಸ್ಕೊಳ್ರಿ.
ಅವೇಟ್ ಅಂದರೆ ಬಾಗಿಲ ಬಳಿ ಚಾಚಿದ ಕೈ.
ಅವನೊಬ್ಬ ನಿಂತಿರುತ್ತಾನೆ,
ಬಸ್ಸು ಓಡುತ್ತಲೇ ಇರುತ್ತದೆ.

ಎಲ್ಲ ಫ್ಯೂಚರೂ ಮುಗಿಯುತ್ತವೆಯೇ?
ಬಹಳಷ್ಟು, ಅಂದ. ಕೆಲವು ಸುಮ್ಮನೆ ಕಾಯುತ್ತ ಉಳಿಯುತ್ತವೆ.

ಶಿರಗುಪ್ಪಿಯಲ್ಲಿ ಬುಟ್ಟಿ ಹೊತ್ತು ಇಳಿದವಳಿಗೆ
ನೆನಪಾಗುವಷ್ಟರಲ್ಲಿ ನಾನು 'ರೈಟ್' ಅಂದಾಗಿತ್ತು.
ಹದಿಮೂರು ರೂಪಾಯಿ.
ಧೂಳಿನೊಳಗೆ ಟಿಕೆಟು ಎತ್ತಿ ಹಿಡಿದದ್ದು
ಹಿಂದಿನ ಗಾಜಿನಲ್ಲಿ ಕಂಡಿತು.
'ಹೋಲ್ಡಾನ್' ಅನ್ನಬಹುದಿತ್ತು.
ಲೇಟಾಗಿತ್ತು. ಅನ್ನಲಿಲ್ಲ.

ನನ್ನ ಆ್ಯಪಿನ ಹೆಸರು ವೇಬಿಲ್ಲು. ದಾಟಿದವರ ಲೆಕ್ಕ, ಅಷ್ಟೆ.
ಮಕ್ಕಳ ನಿಜ ಹೆಸರಿಲ್ಲ ಅದರಲ್ಲಿ:
ಹಸಿರು ಹೆಲ್ಮೆಟ್ಟು, ಜಗಳಗಂಟ ಅವಳಿ, ಸೆಲ್ಲೋ ಪೆಟ್ಟಿಗೆ.
ಸೆಲ್ಲೋ ಪೆಟ್ಟಿಗೆಯ ಪಕ್ಕ ಆಶ್ಚರ್ಯಸೂಚಕ ಹಾಕಿದ್ದೆ.
ಈ ಭಾಷೆಯಲ್ಲಿ ಅದು ಆಶ್ಚರ್ಯವಲ್ಲ, ಆಣೆ:
ಇದ್ದೇ ಇದೆ, ಖಾಲಿಯಲ್ಲ.
ಪೆಟ್ಟಿಗೆಗಿಂತ ಗಿಡ್ಡನೆಯ ಆ ಹುಡುಗ
ಒಂದು ದಿನವೂ ತಪ್ಪಿಸಿದವನಲ್ಲ.

ಆಗಸ್ಟಿನ ಒಂದು ಗುರುವಾರ, ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ
ಉಪ್ಪು ಚೆಲ್ಲಿದ ಹಾಗಿತ್ತು.
ಅವನು ಬರಲಿಲ್ಲ.
ಫೋನಿನ ಪರದೆ ಪೂರ್ತಿ ಕೆಂಪು.
ಬೆಲ್ಲಾಯಿತು. ಒಂಬತ್ತೂ ಐದಕ್ಕೆ ಬಾವುಟ ಕೀಳಬೇಕು.
ಕೀಳಲಿಲ್ಲ.
ಹಾಲಿನ ಟ್ಯಾಂಕರೊಂದು ಹೋಯಿತು.
ನಾಯಿ ಹಿಡಿದ ಹೆಂಗಸು ಎಲ್ಲ ಸರಿಯೇ ಎಂದು ಕೇಳಿದಳು.
ಬೆರಳು ಮರಗಟ್ಟಿ ಕೋಲು ಯಾವುದು, ಕೈ ಯಾವುದು ತಿಳಿಯಲಿಲ್ಲ.

ಒಂಬತ್ತೂ ಹನ್ನೊಂದಕ್ಕೆ ಮೂಲೆಯಲ್ಲಿ ಮೊದಲು ಪೆಟ್ಟಿಗೆ,
ಅದರ ಹಿಂದೆ ಅವನು, ಒಂದು ಬೂಟಿನ ದಾರ ಎಳೆದುಕೊಂಡು.
ಖಾಲಿ ರಸ್ತೆಯ ನಡುವೆ ನಿಂತು, ಕೋಲೆತ್ತಿ,
ಬಾರದ ಗಾಡಿಗಳಿಗೆಲ್ಲ ಕೇಳುವಂತೆ ಕೂಗಿದೆ:
ಹೋಲ್ಡಾನ್!

ಸಂಜೆ ಆಣೆ ಅಳಿಸಿ ಪ್ರಶ್ನಾರ್ಥಕ ಹಾಕಿದೆ.
ಸೇವ್ ಒತ್ತಿದರೆ ಪರದೆ ಬದಲಾಗುತ್ತದೆ, ಎಣಿಕೆ ಹಾಗೇ ಉಳಿಯುತ್ತದೆ.
ನಲವತ್ತೆರಡು.
ಅದರ ಕೆಳಗೆ, ಎರಡು ಓರೆಗೆರೆಯ ಆಚೆ,
ಯಂತ್ರ ಓದದ ಸಾಲಿನಲ್ಲಿ ಬರೆದಿಟ್ಟಿದ್ದೇನೆ:
ಶಿರಗುಪ್ಪಿ, ಬುಟ್ಟಿ, ಬಾಕಿ ೧೩.